ಮಣಿಕಟ್ಟಿನ ಗಂಟು

ಗ್ಯಾರೇಜ್ ತಂಡದ ಚೂಟಿ ರೋಬೋಟಿನ ವೈರು ಬಿಗಿದ ಕೇಬಲ್ ಟೈಗಳ ಬಾಲ ಕತ್ತರಿಸುತ್ತಿದ್ದಳು.

ಒಂದೊಂದನ್ನೂ ಕಟಿಂಗ್ ಪ್ಲೈಯರಿನಲ್ಲಿ ಬುಡಕ್ಕೆ ಕತ್ತರಿಸುವುದು, ಆಮೇಲೆ ಬಿಸಿ ಸಾಲ್ಡರಿಂಗ್ ಐರನ್ನಿನ ತುದಿಯನ್ನು ಕೊಯ್ದ ಜಾಗಕ್ಕೆ ಸೋಕಿಸಿ ತೆಗೆಯುವುದು. ಪ್ಲಾಸ್ಟಿಕ್ ಕರಗಿ ಸಾಸಿವೆ ಕಾಳಿನಷ್ಟು ಗುಂಡಗಾಗುತ್ತಿತ್ತು. ಇನ್ನೊಂದು. ಮತ್ತೊಂದು. ಆಟದಿಂದ ಹೊರಬಿದ್ದ ರೋಬೋಟಿಗೆ ಈಗ ಈ ಸಿಂಗಾರ ಯಾಕೆ ಎಂದು ಯಾರೂ ಕೇಳಲಿಲ್ಲ. ಅವಳೂ ತಲೆ ಎತ್ತಲಿಲ್ಲ.

ಎದುರಿನ ಸ್ಟೂಲಿನ ಮೇಲೆ ಇನ್‌ಸ್ಪೆಕ್ಟರಮ್ಮ ಕೂತು ನೋಡುತ್ತಿದ್ದರು. ತೂಕ ಮತ್ತು ಅಳತೆ ಇಲಾಖೆಯಿಂದ ಅವರು ನಿವೃತ್ತರಾಗಿ ವರ್ಷಗಳಾಗಿದ್ದವು. ಹೆಸರು ಮಾತ್ರ ನಿವೃತ್ತಿಯಾಗಿರಲಿಲ್ಲ. ತಕ್ಕಡಿಯ ಯಾವ ಮೂಲೆಯಲ್ಲಿ ಅಂಗಡಿಯವನ ಹೆಬ್ಬೆರಳು ಕೂತಿದೆ ಎಂದು ಹುಡುಕಿ ಹುಡುಕಿ, ಈಗ ಯಾರ ಎದುರು ಕೂತರೂ ಅವರ ಕಣ್ಣು ಮುಖಕ್ಕಿಂತ ಮೊದಲು ಕೈಗೆ ಹೋಗುತ್ತಿತ್ತು.

ಬೆಳಿಗ್ಗೆ ಗ್ಯಾರೇಜ್ ತಂಡದ ರೋಬೋಟನ್ನು ಫೈನಲ್‌ನಿಂದ ಹೊರಗೆ ಹಾಕಿದ್ದರು. ಮಧ್ಯಾಹ್ನ ತೀರ್ಪುಗಾರರು ಸೇರಿದ ಕೂಡಲೇ ತಂಡದ ಗುಟ್ಟನ್ನು ತೀರ್ಪುಗಾರರಿಗೆ ಮುಟ್ಟಿಸಿ ಅದಕ್ಕೆ ಕಾರಣನಾದನೆಂಬ ಹುಡುಗನನ್ನೂ ಸ್ಪರ್ಧೆಗಳಿಂದಲೇ ಹೊರಗೆ ಹಾಕಲಿದ್ದರು. ಅವನು ಕಾರಣನಲ್ಲ ಎಂದು ಇಡೀ ಒಳಾಂಗಣ ಕ್ರೀಡಾಂಗಣದಲ್ಲಿ ಹೇಳುತ್ತಿದ್ದವಳು ಅವನ ತಾಯಿ ಒಬ್ಬಳೇ. ಇನ್‌ಸ್ಪೆಕ್ಟರಮ್ಮನನ್ನು ಕರೆಸಿದವಳೂ ಅವಳೇ.

ಹೊರಗೆ ಜಗಳ ನಿಂತಿರಲಿಲ್ಲ. ಪರದೆ ಕಟ್ಟಿದ ಮಳಿಗೆಗಳ ಸಾಲಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ದಾರ.

ಗ್ಯಾರೇಜ್ ತಂಡದ ರೋಬೋಟಿಗೆ ಒಂದು ಉದ್ದ ತೋಳು. ಆಟಕ್ಕೆ ಮುಂಚೆ ಅದು ಅಳತೆ ಪೆಟ್ಟಿಗೆಯೊಳಗೆ ಹಿಡಿಸಬೇಕು, ಹಾಗಾಗಿ ತೋಳನ್ನು ಮಡಚಿ ದಾರದಿಂದ ಬಿಗಿದಿದ್ದರು. ಸೀಟಿ ಊದುತ್ತಲೇ ಒಳಗಿನ ಸಣ್ಣ ಬ್ಲೇಡು ದಾರವನ್ನು ಕಡಿಯುತ್ತದೆ. ಸ್ಪ್ರಿಂಗು ತೋಳನ್ನು ಚಾಚುತ್ತದೆ. ನಿಯಮ ಹೇಳುವುದು ಇಷ್ಟೇ: ಆಟ ಶುರುವಾದ ಮೇಲೆ ರೋಬೋಟಿನಿಂದ ಯಾವ ಭಾಗವೂ ಕಳಚಿ ಬೇರೆಯಾಗಬಾರದು. ದಾರ ಕಡಿಯುತ್ತದೆ, ಆದರೆ ಎರಡು ತುಂಡೂ ರೋಬೋಟಿಗೇ ಗಂಟು ಹಾಕಿಕೊಂಡಿರುತ್ತವೆ. ಹಾಗಾದರೆ ಏನು ಬೇರೆಯಾಯಿತು?

"ಕಡಿದ ಮೇಲೆ ಬೇರೆಯಾದ ಹಾಗೇ ಅಲ್ವೇನ್ರಿ?"

"ಎಲ್ಲಿ ಬೀಳುತ್ತೆ, ತೋರಿಸಿ ನೋಡೋಣ. ಎರಡೂ ತುದಿ ಅಲ್ಲೇ ನೇತಾಡ್ತಾ ಇರುತ್ವೆ!"

"ನನ್ನ ಅಂಗಿ ಗುಂಡಿನೂ ನೇತಾಡ್ತಾ ಇದೆ. ಅದು ಇದೆಯೋ, ಹೋಯ್ತೋ?"

"ಗುಂಡಿ ಬಿಡಿ ಮಾರಾಯ್ರೆ, ನಿಮ್ಮ ಹೊಟ್ಟೆ ಅಳತೆ ಪೆಟ್ಟಿಗೆ ದಾಟಿ ಯಾವ ಕಾಲವಾಯ್ತು."

ನಗು ಎದ್ದಿತು, ತಟ್ಟನೆ ಆರಿಹೋಯಿತು. ಪರದೆ ಸರಿಸಿಕೊಂಡು ಗ್ಯಾರೇಜ್ ತಂಡದ ಮೇಷ್ಟ್ರು ಒಳಗೆ ಬಂದರು. ಬೆಳಗಿನಿಂದ ಅವರು ಎಲ್ಲೂ ಕೂತಿರಲಿಲ್ಲ. ಈಗಲೂ ಕೂರಲಿಲ್ಲ.

"ಇನ್ನೂ ಅಳೀತಾನೇ ಇದ್ದೀರಾ, ಇನ್‌ಸ್ಪೆಕ್ಟರಮ್ಮ?"

"ಕಸುಬು ಬಿಟ್ಟರೂ ಚಟ ಬಿಡಲ್ಲ ಮೇಷ್ಟ್ರೇ."

"ಇದರಲ್ಲಿ ಅಳೆಯೋದೇನಿದೆ? ದಾರದ ಉಪಾಯ ನಮ್ಮ ಗ್ಯಾರೇಜಿನ ಶಟರ್ ದಾಟಿರಲಿಲ್ಲ. ಗೊತ್ತಿದ್ದವರು ಮೂರೇ ಜನ. ನಾನು, ಈ ಹುಡುಗಿ, ಬಿಟ್ಟುಹೋದ ಆ ಮಹಾನುಭಾವ. ನಾನು ತೀರ್ಪುಗಾರರನ್ನ ಕೇಳಿಲ್ಲ. ಇವಳು ಕೇಳಿಲ್ಲ. ಉಳಿದವರು ಯಾರು ಅಂತ ಒಂದನೇ ಕ್ಲಾಸಿನ ಮಗು ಹೇಳುತ್ತೆ."

"ಮಹಾನುಭಾವ ಅಂತಿರೋದು ನಿನ್ನ ಅಕ್ಕನ ಮಗನಿಗೆ." ಪರದೆಯ ಆಚೆಯಿಂದಲೇ ದನಿ ಬಂತು. ಹುಡುಗನ ತಾಯಿ ಒಳಗೆ ಬಂದು, ತಮ್ಮನಿಗೆ ಅಡ್ಡವಾಗಿ ನಿಂತಳು. "ಎತ್ತಿ ಆಡಿಸಿದ ಕೈಯಲ್ಲೇ ದೂರು ಬರೆದುಕೊಟ್ಟೆಯಲ್ಲೋ."

"ಅಕ್ಕ, ನೀನು ಮಧ್ಯೆ ಬರಬೇಡ."

"ನಾನೆಲ್ಲಿ ಮಧ್ಯೆ ಬಂದೆ? ಒಂದು ಕಡೆ ಮಗ, ಇನ್ನೊಂದು ಕಡೆ ತಮ್ಮ. ಮಧ್ಯದಲ್ಲೇ ಇದ್ದೀನಿ."

ಅವಳ ಮಗನನ್ನು ಎಲ್ಲರೂ ಗೂಬೆ ಎನ್ನುತ್ತಿದ್ದರು. ದುಂಡು ಕನ್ನಡಕ, ರಾತ್ರಿಯೆಲ್ಲ ಎದ್ದಿದ್ದು ಮೋಟಾರು ಬಿಚ್ಚುವ ಚಾಳಿ. ಸ್ಕ್ರೂ ತಿರುಗಿಸುವುದನ್ನು ಅವನಿಗೆ ಕಲಿಸಿದವರು ಈ ಸೋದರಮಾವನೇ. ಹೋದ ತಿಂಗಳು ಮಾವನೊಡನೆ ಕೂಗಾಡಿ ಗ್ಯಾರೇಜ್ ಬಿಟ್ಟು ಕಾಲೇಜು ತಂಡ ಸೇರಿದ್ದ. ಈಗ ಎದುರು ಮಳಿಗೆಯ ಮೂಲೆಯಲ್ಲಿ ಕೂತು ಮೊಣಕಾಲು ಕುಣಿಸುತ್ತಿದ್ದ. ಹೊಸ ತಂಡದವರು ತಮ್ಮ ಕುರ್ಚಿಗಳನ್ನು ಅವನಿಂದ ಸ್ವಲ್ಪ ದೂರಕ್ಕೆ ಎಳೆದುಕೊಂಡಿದ್ದರು.

"ಓದಿನಲ್ಲಿ ಹಿಂದೆ, ಮಾತಿನಲ್ಲಿ ಅದಕ್ಕಿಂತ ಹಿಂದೆ," ಎಂದಳು ತಾಯಿ ಮೆಲ್ಲಗೆ, ಇನ್‌ಸ್ಪೆಕ್ಟರಮ್ಮನಿಗೆ ಮಾತ್ರ ಕೇಳುವಂತೆ. "ಅವನಿಗೆ ಇರೋದು ಇದೊಂದೇ. ಇದರಿಂದಲೂ ಕಳ್ಳ ಅಂತ ಹೊರಗೆ ಹಾಕಿದರೆ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತುಬಿಡ್ತಾನೆ ಅಕ್ಕಾ. ನನ್ನ ಮಗನನ್ನ ನಾನು ಬಲ್ಲೆ."

ಇನ್‌ಸ್ಪೆಕ್ಟರಮ್ಮ ಎದ್ದರು. ರೋಬೋಟಿನ ಬಳಿ ಹೋಗಿ ಮಡಚಿದ ತೋಳಿನ ಮೇಲೆ ಬೆರಳು ಆಡಿಸಿದರು. ಮೊಣಕೈ ಇರಬೇಕಾದಲ್ಲಿ ತಗಡು ಸ್ವಲ್ಪ ಸೊಟ್ಟಗಾಗಿತ್ತು. ಅಲ್ಲಿ ಎರಡು ತೂತುಗಳಿದ್ದವು, ಒಳಗೆ ಏನೂ ಇರಲಿಲ್ಲ. ದಾರದ ಗಂಟು ಇದ್ದದ್ದು ಇನ್ನೂ ಮುಂದೆ, ಮಣಿಕಟ್ಟಿನ ಹತ್ತಿರ.

"ಈ ಖಾಲಿ ತೂತು ಯಾಕೆ ಮೇಷ್ಟ್ರೇ?"

ಕೆಲಸದ ಮಾತು ಬಂದದ್ದೇ ಮೇಷ್ಟ್ರ ದನಿ ಇಳಿಯಿತು. "ಮೊದಲು ಅಲ್ಲೇ ಕಟ್ತಿದ್ದಿದ್ದು. ಸ್ಪ್ರಿಂಗ್ ಎಳೆದೂ ಎಳೆದೂ ತಗಡು ಬಾಗಿಹೋಯ್ತು. ಆಮೇಲೆ ನಾನೇ ಮಣಿಕಟ್ಟಿಗೆ ಹಾಕಿದೆ. ಅಲ್ಲಿ ಕಟ್ಟಿದರೆ ಭಾರ ಕಡಿಮೆ, ದಾರನೂ ಸಣ್ಣದು ಸಾಕು."

"ಯಾವಾಗ ಹಾಕಿದ್ರಿ?"

"ಹೋದ ವಾರ."

"ಹುಡುಗ ಬಿಟ್ಟುಹೋಗಿದ್ದು?"

"ಹೋದ ತಿಂ..."

ಇನ್‌ಸ್ಪೆಕ್ಟರಮ್ಮ ಅದಾಗಲೇ ಪರದೆ ದಾಟಿ ನಡೆದಿದ್ದರು. ಅಕ್ಕ, ತಮ್ಮ ಇಬ್ಬರೂ ಹಿಂದೆಯೇ ಹೋದರು.

ಬಾಗಿಲ ಪಕ್ಕ ಗಾಜು ಮುಚ್ಚಿದ ಸೂಚನಾ ಹಲಗೆಯ ಎದುರು ಗುಂಪು ಸೇರಿತ್ತು. ನಿಯಮದಲ್ಲಿ ಅನುಮಾನ ಬಂದರೆ ಕೇಳಲು ಇಲ್ಲಿ ಒಂದು ಪದ್ಧತಿ. ಪ್ರಶ್ನೆಯನ್ನು ಹೆಸರಿಲ್ಲದೆ ಡಬ್ಬಿಗೆ ಹಾಕಬೇಕು. ಕೇಳಿದವರು ಯಾರೆಂದು ತೀರ್ಪುಗಾರರಿಗೂ ತಿಳಿಯಬಾರದು. ಪ್ರಶ್ನೆಯೂ ಉತ್ತರವೂ ಎಲ್ಲರೂ ಓದುವಂತೆ ಗಾಜಿನೊಳಗೆ ಬೀಳುತ್ತವೆ. ಕೇಳಿದರೆ ಗುಟ್ಟು ರಟ್ಟು, ಕೇಳದಿದ್ದರೆ ಅನುಮಾನ. ಅದಕ್ಕೇ ಯಾವ ತಂಡವೂ ತನ್ನ ರೋಬೋಟಿನ ಫೋಟೋ ಹಾಕುವುದಿಲ್ಲ. ಅನುಮಾನದ ಭಾಗವನ್ನಷ್ಟೇ ರಟ್ಟಿನಲ್ಲೋ ಮರದ ಪಟ್ಟಿಯಲ್ಲೋ ಮಾಡಿ, ಬಿಳಿ ಬಟ್ಟೆಯ ಮೇಲಿಟ್ಟು ಅದರ ಫೋಟೋ ತೆಗೆಯುತ್ತಾರೆ. ಅದಕ್ಕೆ ಗೊಂಬೆ ಎಂದು ಹೆಸರು. ಬೇರೆಯವರ ವಿನ್ಯಾಸ ಕದ್ದು ಗೊಂಬೆ ಮಾಡಿ ಕೇಳಿ, ಅವರನ್ನು ಆಟದಿಂದ ಹೊರಬೀಳಿಸಿದವರಿಗೆ ಮಾತ್ರ ಕ್ಷಮೆಯಿಲ್ಲ, ನಿಷೇಧವೇ.

ಗಾಜಿನೊಳಗಿನ ಫೋಟೋದ ಗೊಂಬೆ ಎರಡು ಮರದ ಪಟ್ಟಿಗಳ ತೋಳು. ಕೇಬಲ್ ಟೈಗಳಿಂದ ಜೋಡಿಸಿ, ಮಡಚಿ, ದಾರ ಬಿಗಿದಿತ್ತು. ಕೆಳಗೆ ಉತ್ತರ: ಇಂಥ ಕಟ್ಟಿಗೆ ಒಪ್ಪಿಗೆ ಇಲ್ಲ.

"ದಾರ ಎಲ್ಲಿದೆ ಮೇಷ್ಟ್ರೇ?"

ಮೇಷ್ಟ್ರು ನೋಡಿದರು. ನೋಡುತ್ತಲೇ ಇದ್ದರು.

"ಮಣಿಕಟ್ಟಿನಲ್ಲಿ," ಎಂದಳು ಹುಡುಗನ ತಾಯಿ. ಅವಳಿಗೆ ಇನ್ನೂ ಪೂರ್ತಿ ಅರ್ಥವಾಗಿರಲಿಲ್ಲ, ಆದರೆ ತಮ್ಮನ ಮುಖ ನೋಡಿ ಅವಳ ಕುತ್ತಿಗೆ ನೆಟ್ಟಗಾಯಿತು.

"ಹೋದ ತಿಂಗಳು ಗ್ಯಾರೇಜ್ ಬಿಟ್ಟವನಿಗೆ ಹೋದ ವಾರ ಹಾಕಿದ ಗಂಟು ಹೇಗೆ ಗೊತ್ತಾಗುತ್ತೆ?" ಎಂದರು ಇನ್‌ಸ್ಪೆಕ್ಟರಮ್ಮ.

"ಯಾರೋ ಹೇಳಿರಬೇಕು ಅವನಿಗೆ."

"ಯಾರು? ಗೊತ್ತಿದ್ದವರು ಮೂರೇ ಜನ ಅಂದ್ರಿ. ಅವನನ್ನ ತೆಗೆದರೆ ಇಬ್ಬರು ಉಳೀತಾರೆ. ಒಬ್ಬರು ನೀವು."

ಗುಂಪಿನಲ್ಲಿ ಯಾರೋ ಸಣ್ಣಗೆ ಸಿಳ್ಳೆ ಹಾಕಿದರು. ಇನ್‌ಸ್ಪೆಕ್ಟರಮ್ಮ ಮಾತ್ರ ಅವರತ್ತ ನೋಡದೆ, ಮೂಗು ಗಾಜಿಗೆ ತಗಲುವಷ್ಟು ಬಾಗಿ ಗೊಂಬೆಯನ್ನು ಇನ್ನೊಮ್ಮೆ ನೋಡಿದರು. ಈ ಸಲ ದಾರವನ್ನಲ್ಲ.

ಚೂಟಿ ಹಿಂದಿನ ಮೆಟ್ಟಿಲ ಬಳಿ, ಕೈ ತೊಳೆಯುವ ತೊಟ್ಟಿಯ ಎದುರು ನಿಂತಿದ್ದಳು. ನಲ್ಲಿ ಸುರಿಯುತ್ತಿತ್ತು. ಕೈ ಯಾವಾಗಲೋ ಶುಭ್ರವಾಗಿತ್ತು.

ಇನ್‌ಸ್ಪೆಕ್ಟರಮ್ಮ ನಲ್ಲಿ ನಿಲ್ಲಿಸಿದರು.

"ಬಾಲ ಕತ್ತರಿಸಿದರೆ ಸಾಲದಾ ಪುಟ್ಟಿ? ಕರಗಿಸೋದು ಯಾಕೆ?"

ಹುಡುಗಿಗೆ ಈ ಪ್ರಶ್ನೆಯ ನಿರೀಕ್ಷೆ ಇರಲಿಲ್ಲ. "ಕತ್ತರಿಸಿದ ತುದಿ ಬ್ಲೇಡ್ ಥರ ಇರುತ್ತೆ. ಒಳಗೆ ಕೈ ಹಾಕಿದವರಿಗೆ ಗೀರುತ್ತೆ."

"ಎಲ್ಲ ತಂಡದಲ್ಲೂ ಹೀಗೇ ಮಾಡ್ತಾರಾ?"

"ಅಷ್ಟು ಪುರುಸೊತ್ತು ಯಾರಿಗಿದೆ? ನಂಗೇ ಎಲ್ಲರೂ ನಗ್ತಾರೆ. ರೋಬೋಟಿಗೆ ಉಗುರು ಬಣ್ಣ ಹಚ್ಚೋ ಹುಡುಗಿ ಅಂತಾರೆ."

"ಗೊಂಬೆಗೂ ಹಚ್ಚಿದ್ದೀಯಲ್ಲ."

ತೊಟ್ಟಿಯಲ್ಲಿ ಉಳಿದ ನೀರು ಗುಳುಗುಳು ಎಂದು ಇಳಿದುಹೋಯಿತು.

"ಫೋಟೋದಲ್ಲಿ ಒಂದೊಂದು ಟೈಯ ತುದಿನೂ ಸಾಸಿವೆ ಕಾಳು. ಒಂದು ಸಲ ಫೋಟೋ ತೆಗೆದು ಬಿಸಾಡೋ ಗೊಂಬೆಗೆ ಯಾರು ಕೈ ಹಾಕ್ತಾರೆ ಅಂತ ಅಷ್ಟು ಕಾಳಜಿ?"

"ಅಭ್ಯಾಸ," ಎಂದಳು ಚೂಟಿ. "ಕೈ ತಾನಾಗೇ ಮಾಡಿಬಿಡುತ್ತೆ."

"ನಿಮ್ಮ ಗುಟ್ಟನ್ನ ನೀನೇ ಯಾಕೆ ಕೇಳಿದೆ?"

"ನಿದ್ದೆ ಬರ್ತಿರಲಿಲ್ಲ." ಅವಳು ಮೆಟ್ಟಿಲ ಮೇಲೆ ಕುಸಿದಳು. ಮತ್ತೆ ಎದ್ದಳು. ಗೋಡೆಗೆ ಒರಗಿದಳು. "ಆ ನಿಯಮ ಒಂದು ದಿನ ಓದಿದರೆ ನಮ್ಮ ಪರ ಇರುತ್ತೆ, ಮಾರನೇ ದಿನ ಓದಿದರೆ ನಮ್ಮ ವಿರುದ್ಧ. ಸರ್‌ಗೆ ಹೇಳಿದೆ, ಕೇಳಿಬಿಡೋಣ ಸರ್ ಅಂತ. ಕೇಳಿದರೆ ತಾನೇ ಇಲ್ಲ ಅನ್ನೋದು, ಬಾಯಿ ಮುಚ್ಕೊಂಡು ಆಡು ಅಂದ್ರು. ಆಡ್ತೀವಿ, ಗೆಲ್ತೀವಿ ಅಂತಲೇ ಇಟ್ಟುಕೊಳ್ಳಿ. ಕಪ್ ಕೈಗೆ ಬಂದ ಮೇಲೆ ಯಾರೋ ಒಬ್ಬರು ದಾರದ ತುಂಡು ತೋರಿಸಿ, ಇವರು ಮೋಸ ಮಾಡಿದ್ರು ಅಂದ್ರೆ? ಎಲ್ಲರ ಎದುರು ಕಪ್ ವಾಪಸ್ ಕೊಡೋದಾ? ನನ್ನ ಕೈಲಿ ಆಗಲ್ಲ ಅಮ್ಮಾ. ಅದಕ್ಕಿಂತ ಮೊದಲೇ ಗೊತ್ತಾಗಲಿ ಅಂತ..."

"ಸ್ವಂತ ತಂಡದ ಪ್ರಶ್ನೆ ಕೇಳೋದು ತಪ್ಪಲ್ಲ."

"ಗೊತ್ತು."

"ಮತ್ತೆ ಗೂಬೆಯನ್ನ ಕಳ್ಳ ಅಂದಾಗ ಯಾಕೆ ಬಾಯಿ ಬಿಡಲಿಲ್ಲ? ಅವನು ಅಲ್ಲಿ ಕೂತು ನಡುಗ್ತಾ ಇದ್ದಾನೆ."

ಚೂಟಿ ಎರಡೂ ಕೈಯಿಂದ ಮುಖ ಒರೆಸಿಕೊಂಡಳು. "ಬಿಡ್ತಿದ್ದೆ. ಬೆಳಿಗ್ಗೆಯಿಂದ ಅದನ್ನೇ ನುಂಗ್ತಾ ಇದ್ದೀನಿ. ಆದರೆ ಹೇಳಿದರೆ ಎಲ್ಲರೂ ನಂಗೆ ಹುಚ್ಚು ಅಂತಾರೆ."

"ಯಾಕೆ?"

"ಯಾಕಂದ್ರೆ ನನ್ನ ಪ್ರಶ್ನೆಗೆ ಬಂದ ಉತ್ತರ ಅದಲ್ಲ."

ಒಳಗೆ ಯಾವುದೋ ಪಂದ್ಯದ ಸೀಟಿ ಊದಿತು. ಚಪ್ಪಾಳೆ ಎದ್ದಿತು.

"ನಿನ್ನೆ ಸಂಜೆ ನಾನೇ ಹೋಗಿ ಓದಿದೆ. ಒಪ್ಪಿಗೆ ಇದೆ ಅಂತ ಇತ್ತು. ಎರಡು ಸಲ ಓದಿದೆ. ಖುಷಿಗೆ ಅಲ್ಲೇ ಕುಣಿಬೇಕು ಅನ್ನಿಸ್ತು. ಸರ್‌ಗೆ ಇವತ್ತು ಸಮಾಧಾನವಾಗಿ ಹೇಳೋಣ, ಬೈದರೂ ಬೈಯಲಿ ಅಂದುಕೊಂಡೆ. ಬೆಳಿಗ್ಗೆ ಬಂದು ನೋಡಿದರೆ ಇಲ್ಲ ಅಂತ ಇದೆ."

"ಬೇರೆ ಯಾರಾದರೂ ನೋಡಿದ್ರಾ ನಿನ್ನೆ?"

"ಗೊತ್ತಿಲ್ಲ. ಆದರೆ ಆಮೇಲೆ ತಪಾಸಣೆಗೆ ಹೋದಾಗ ಆ ಚಿಕ್ಕ ವಯಸ್ಸಿನ ಮೇಡಂ ದಾರ ಮುಟ್ಟಿ ನೋಡಿ, ನಕ್ಕು, ಹಸಿರು ಸ್ಟಿಕ್ಕರ್ ಅಂಟಿಸಿದ್ರು. ಅದು ಇನ್ನೂ ರೋಬೋಟ್ ಮೇಲಿದೆ."

ಇನ್‌ಸ್ಪೆಕ್ಟರಮ್ಮ ಹುಡುಗಿಯ ಒದ್ದೆ ಕೈ ಹಿಡಿದುಕೊಂಡರು.

"ನಡಿ. ಈಗ ಬಾಯಿ ಬಿಡೋ ಹೊತ್ತು."

ತೀರ್ಪುಗಾರರ ಕೋಣೆ ಚಿಕ್ಕದು. ಬಲೆ, ಚೆಂಡು, ಮುರಿದ ಹರ್ಡಲ್‌ಗಳನ್ನು ಒಂದು ಬದಿಗೆ ಒತ್ತಿ ಮಧ್ಯೆ ಮೇಜು ಹಾಕಿದ್ದರು. ಮೇಜಿನ ಆಚೆ ಮೂವರು: ಹಿರಿಯ ತೀರ್ಪುಗಾರ, ಕಾರ್ಖಾನೆಯ ಇಂಜಿನಿಯರ್, ತಪಾಸಣೆ ನಡೆಸಿದ್ದ ಕಿರಿಯ ತೀರ್ಪುಗಾರ್ತಿ. ಈಚೆ ಕುರ್ಚಿಯಲ್ಲಿ ಗೂಬೆ. ಅವನ ಹಿಂದೆ ತಾಯಿ. ಬಾಗಿಲಿಗೆ ಹತ್ತಿಕೊಂಡು ಮೇಷ್ಟ್ರು.

ಚೂಟಿ ನಿಂತೇ ಹೇಳಿದಳು. ಮೊದಲ ವಾಕ್ಯ ತಡವರಿಸಿತು, ಮಿಕ್ಕದ್ದು ಒಂದೇ ಉಸಿರಿಗೆ ಬಂತು. ಗೂಬೆ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದ. ಒರೆಸುವುದು ಮುಗಿಯಲೇ ಇಲ್ಲ.

"ಸ್ವಂತ ತಂಡದವಳೇ ಕೇಳಿದ್ದರೆ ಹುಡುಗನ ಮೇಲಿನ ದೂರು ಬಿದ್ದುಹೋಯ್ತು," ಎಂದರು ಹಿರಿಯ ತೀರ್ಪುಗಾರರು. "ಆದರೆ ಉತ್ತರ ಬದಲಾಯ್ತು ಅನ್ನೋದು..."

"ಅದನ್ನೇ ಕೇಳೋಕೆ ಬಂದೆ," ಎಂದರು ಇನ್‌ಸ್ಪೆಕ್ಟರಮ್ಮ. "ನಿನ್ನೆ ನೀವು ಮೂವರೂ ಕೂತು ಏನು ತೀರ್ಮಾನ ಮಾಡಿದ್ರಿ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಒಪ್ಪಿಗೆ ಅಂತಲೇ," ಎಂದಳು ಕಿರಿಯವಳು. "ತುಂಡು ನೆಲಕ್ಕೆ ಬೀಳದಿದ್ದರೆ ಬೇರೆಯಾದ ಹಾಗಲ್ಲ ಅಂದ್ವಿ. ಅದರ ಮೇಲೇ ನಾನು ಸ್ಟಿಕ್ಕರ್ ಅಂಟಿಸಿದ್ದು."

"ಹಾಗಾದ್ರೆ ಬೆಳಿಗ್ಗೆ ಇವರನ್ನ ಹೊರಗೆ ಹಾಕಿದಾಗ ಯಾಕೆ ಸುಮ್ಮನಿದ್ದೆ ತಾಯಿ?"

"ನಾನು ಮನೆಗೆ ಹೋದ ಮೇಲೆ ಇವರಿಬ್ಬರೂ ಮತ್ತೆ ಕೂತು ಬದಲಾಯಿಸಿದ್ದಾರೆ ಅಂದುಕೊಂಡೆ. ನಂಗೆ ಅನುಭವ ಕಡಿಮೆ. ನಿನ್ನೆಯ ತೀರ್ಮಾನ ಸರಿಯೋ ತಪ್ಪೋ ಅಂತ ನಂಗೇ ಡೌಟಿತ್ತು."

ಇಂಜಿನಿಯರ್ ಕೆಮ್ಮಿದರು. "ನಾನು ನಿಮಗಿಂತ ಮೊದಲೇ ಹೋಗಿದ್ದೆನಮ್ಮಾ. ನೀವೂ ಸಾಹೇಬರೂ ಸೇರಿ ಬದಲಾಯಿಸಿದ್ರಿ ಅಂತ ನಾನು..."

ಎಲ್ಲರೂ ಹಿರಿಯರತ್ತ ತಿರುಗಿದರು. ಅವರ ಕಿವಿ ಕೆಂಪಾಗಿತ್ತು.

"ಬೆಳಿಗ್ಗೆ ಗಾಜಿನಲ್ಲಿ ಒಪ್ಪಿಗೆ ಇಲ್ಲ ಅಂತ ಇದ್ದದ್ದು ನೋಡಿದೆ. ಇವರಿಬ್ಬರೂ ನನ್ನನ್ನ ಬಿಟ್ಟು ತೀರ್ಮಾನ ಮಾಡಿದ್ರಲ್ಲ ಅಂತ ಒಳಗೊಳಗೇ ಬೇಜಾರಾಯ್ತು. ಕೇಳಿದರೆ ಸಣ್ಣವನಾಗ್ತೀನಿ ಅಂತ ಕೇಳಲಿಲ್ಲ. ಸತ್ಯ ಹೇಳ್ತೀನಿ, ಆ ನಿಯಮ ನಂಗೂ ಎರಡೂ ಕಡೆ ಎಳೀತಿತ್ತು."

"ಅಂದರೆ ಮೂವರಿಗೂ ಅರೆಮನಸ್ಸು. ಒಬ್ಬರೂ ಬಾಯಿಬಿಟ್ಟು ಕೇಳಲಿಲ್ಲ. ಬದಲಾಯಿಸಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು," ಎಂದರು ಇನ್‌ಸ್ಪೆಕ್ಟರಮ್ಮ. "ಗಾಜಿನ ಬಾಗಿಲಿಗೆ ಬೀಗ ಇದೆ. ಕೀ ಎಷ್ಟಿವೆ?"

"ಒಂದೇ. ನನ್ನ ಹತ್ತಿರ ಇರುತ್ತೆ."

"ನಿನ್ನೆ ಯಾರ ಕೈಗಾದರೂ ಕೊಟ್ರಾ?"

ಹಿರಿಯರು ಇಲ್ಲ ಎನ್ನಲು ತಲೆ ಅಲ್ಲಾಡಿಸಿದರು. ಅರ್ಧದಲ್ಲೇ ನಿಲ್ಲಿಸಿದರು.

"ಸಂಜೆ ಕಾರು ಹತ್ತೋ ಹೊತ್ತಿಗೆ ಒಬ್ಬರು ಬಂದು ಕೇಳಿದ್ರು. ಅಭ್ಯಾಸದ ಸಮಯ ಬದಲಾಗಿದೆ, ಹೊಸ ಹಾಳೆ ಒಳಗೆ ಅಂಟಿಸಬೇಕು ಅಂದ್ರು. ಕೊಟ್ಟೆ. ಐದೇ ನಿಮಿಷದಲ್ಲಿ ತಂದುಕೊಟ್ರು. ಅವರ ಮೇಲೆ ಅನುಮಾನ ಹೇಗೆ ಬರಬೇಕು ಹೇಳಿ? ಬದಲಾದ ಉತ್ತರದಿಂದ ಮುಳುಗಿದ್ದೇ ಅವರ ರೋಬೋಟು!"

ಕೋಣೆಯಲ್ಲಿದ್ದ ಎಲ್ಲರ ಕಣ್ಣೂ ಒಟ್ಟಿಗೇ ಬಾಗಿಲಿಗೆ ಹೋದವು.

ಮೇಷ್ಟ್ರು ಅಲುಗಲಿಲ್ಲ. ಬೆಳಗಿನಿಂದ ಒಂದು ಕಡೆ ನಿಲ್ಲದಿದ್ದ ಮನುಷ್ಯ ಈಗ ಬಾಗಿಲಿಗೆ ಅಂಟಿದಂತೆ ನಿಂತಿದ್ದರು.

"ಸರ್?" ಎಂದಳು ಚೂಟಿ. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಒಪ್ಪಿಗೆ ಸಿಕ್ಕಿತ್ತಲ್ಲ ಸರ್. ನಾವು ಗೆಲ್ತಿದ್ವಲ್ಲ."

"ಹುಚ್ಚುಚ್ಚಾಗಿ ಮಾತಾಡಬೇಡಿ," ಎಂದಳು ಅಕ್ಕ, ಯಾರನ್ನೂ ನೋಡದೆ. ಬೆಳಗಿನಿಂದ ತಮ್ಮನನ್ನು ಬೈಯುತ್ತಿದ್ದವಳು ಈಗ ಅವನ ಪರ ನಿಂತುಬಿಟ್ಟಿದ್ದಳು. "ತನ್ನ ರೋಬೋಟನ್ನ ತಾನೇ ಯಾರಾದರೂ ಮುಳುಗಿಸಿಕೊಳ್ತಾರಾ? ಬರೀ ಬಿಟ್ಟುಹೋದ ಸಿಟ್ಟಿಗೆ ನನ್ನ ಮಗನ ತಲೆ ಮೇಲೆ ಗೂಬೆ ಕೂರಿಸೋಕೆ ಅಷ್ಟು ದೂರ ಯಾರು ಹೋಗ್ತಾರೆ? ಅವನು ನನ್ನ ತಮ್ಮ. ಹೇಳೋ! ನೀನಾದರೂ ಹೇಳೋ ಇವರಿಗೆ!"

ಇನ್‌ಸ್ಪೆಕ್ಟರಮ್ಮ ಮೇಷ್ಟ್ರ ಕೈ ನೋಡುತ್ತಿದ್ದರು. ಅದು ಬೆನ್ನ ಹಿಂದೆ ಬಾಗಿಲ ಚಿಲಕ ಹುಡುಕುತ್ತಿತ್ತು.

ಗೂಬೆ ಕನ್ನಡಕ ಹಾಕಿಕೊಂಡ. ಕುರ್ಚಿಯಿಂದ ಎದ್ದ. ತನ್ನ ಮೇಲೆ ದೂರು ಬಂದ ಹೊತ್ತಿನಿಂದ ಅವನು ಯಾರೊಂದಿಗೂ ಒಂದು ಮಾತೂ ಆಡಿರಲಿಲ್ಲ.

"ಮಾವ," ಎಂದ. "ನಾನು ಮಾಡಿಲ್ಲ ಅಂತ ನೀವು ಒಂದ್ಸಲ ಹೇಳಿಬಿಡಿ. ನಾನು ನಂಬ್ತೀನಿ."

ಚಿಲಕ ಕೈಗೆ ಸಿಕ್ಕಿದ್ದೇ ಮೇಷ್ಟ್ರು ಅವನ ಮುಖ ನೋಡದೆ ಬಾಗಿಲು ತೆರೆದು ಹೊರಗೆ ನಡೆದರು.